ಹಸಿರು ಫಾರಂನ ನಾಲ್ಕನೇ ಪ್ರಶ್ನೆ

ಮಾರ್ಚ್ 3, ಸೋಮವಾರ

ಸೂಪರಿಂಟೆಂಡೆಂಟರು ಇವತ್ತು ಒಂದು ಹೊಸ ಕೆಲಸವನ್ನು ನನ್ನ ತಲೆಗೆ ಕಟ್ಟಿದರು. ಹಸಿರು ಬಣ್ಣದ ಒಂದು ಫಾರಂ. ನಮ್ಮ ಹಿರಿಯರ ವಾರ್ಡಿನಲ್ಲಿ ಇನ್ನು ಹೆಚ್ಚು ದಿನ ಉಳಿಯಲಾರರು ಎನಿಸುವ ಪ್ರತಿಯೊಬ್ಬರ ಫೈಲಿನಲ್ಲೂ ಇದೊಂದು ಇರಬೇಕಂತೆ. ಐದು ಪ್ರಶ್ನೆ. ನಿಮ್ಮ ಕಾಯಿಲೆಯ ಬಗ್ಗೆ ನಿಮಗೇನು ಗೊತ್ತು, ನಿಮಗೆ ಯಾವುದು ಮುಖ್ಯ, ಯಾವುದು ಬೇಡ, ಮಾತಾಡಲು ಆಗದಿದ್ದಾಗ ನಿಮ್ಮ ಪರವಾಗಿ ಯಾರು ಮಾತಾಡಬೇಕು, ಕೊನೆಯ ದಿನಗಳಲ್ಲಿ ಎಲ್ಲಿರಲು ಇಷ್ಟ. "ನಿಮ್ಮಷ್ಟು ಅನುಭವ ಇರೋರು ಇನ್ಯಾರಿದಾರೆ ಹೇಳಿ" ಎಂದರು. ಬೇರೆ ಯಾರೂ ಒಪ್ಪದ ಕೆಲಸ ಬಂದಾಗಲೆಲ್ಲ ಅವರಿಗೆ ನನ್ನ ಅನುಭವ ನೆನಪಾಗುತ್ತದೆ.

ಅನುಭವಕ್ಕೇನು, ಮೂವತ್ತೊಂದು ವರ್ಷದ್ದಿದೆ. ಇಪ್ಪತ್ತೆರಡು ಹಾಸಿಗೆಯ ರೌಂಡ್ಸನ್ನು ಐವತ್ತು ನಿಮಿಷದಲ್ಲಿ ಮುಗಿಸುವವನು ಈ ಆಸ್ಪತ್ರೆಯಲ್ಲಿ ನಾನೊಬ್ಬನೇ. ಹಾಸಿಗೆಯ ಕಾಲ ಬುಡದಲ್ಲಿ ನಿಂತು ಚಾರ್ಟ್ ನೋಡಿದರೆ ಮುಕ್ಕಾಲು ವಿಷಯ ಗೊತ್ತಾಗುತ್ತದೆ. ಉಳಿದದ್ದನ್ನು ಮನೆಯವರು ಹೇಳುತ್ತಾರೆ.

ಮನೆಗೆ ಬಂದು ಕುತೂಹಲಕ್ಕೆ ಒಂದು ಫಾರಂ ನನ್ನದೇ ಎಂದುಕೊಂಡು ತುಂಬಿ ನೋಡಿದೆ. ಮೂರು ಪ್ರಶ್ನೆಗೆ ಚಕಚಕ ಉತ್ತರ ಬಂತು. ನಾಲ್ಕನೆಯದಕ್ಕೆ ಬಂದಾಗ ಹಸಿವಾಯಿತು, ಎದ್ದೆ. ಅಡುಗೆಮನೆಯ ಕಟ್ಟೆಯ ಮುಂದೆ ನಿಂತುಕೊಂಡೇ ಬ್ರೆಡ್ಡು ತಿಂದು ಚಹಾ ಕುಡಿದೆ. ಊಟದ ಮೇಜಿನ ನಾಲ್ಕೂ ಕುರ್ಚಿಗಳ ಮೇಲೆ ಹಳೆಯ ಪತ್ರಿಕೆ, ಫೈಲು, ಇಸ್ತ್ರಿ ಕಾಣದ ಬಟ್ಟೆ ಕೂತಿವೆ. ಅಮ್ಮ ಹೋದ ಮೇಲೆ ಮನೆಯಲ್ಲಿ ಮಾತಿಗೆ ಸಿಗುವುದು ಈ ನೋಟ್‌ಬುಕ್ ಒಂದೇ, ಇದಂತೂ ಎದುರು ಮಾತಾಡುವುದಿಲ್ಲ.

ಮಾರ್ಚ್ 4, ಮಂಗಳವಾರ

ಹನ್ನೊಂದು ಫಾರಂ, ನಲವತ್ತು ನಿಮಿಷ. ವಾರ್ಡಿನ ಹೊರಗೆ ಕಾರಿಡಾರಿನಲ್ಲಿ ಮನೆಯವರನ್ನು ಒಬ್ಬೊಬ್ಬರಾಗಿ ಕರೆದು, ಫಾರಂ ಅನ್ನು ಗೋಡೆಗೆ ಒತ್ತಿ ಹಿಡಿದು ಬರೆದುಕೊಂಡೆ. "ಏನಾದ್ರೂ ಮಾಡಿ ಉಳಿಸ್ಕೊಡಿ ಡಾಕ್ಟ್ರೇ" ಎನ್ನುವುದನ್ನು ಹನ್ನೊಂದು ಜನ ಹನ್ನೊಂದು ರೀತಿಯಲ್ಲಿ ಹೇಳಿದರು. ನಾನು ಹನ್ನೊಂದರಲ್ಲೂ ‘ಎಲ್ಲ ಪ್ರಯತ್ನವೂ ಆಗಲಿ’ ಎಂದು ಬರೆದೆ.

ಮಧ್ಯಾಹ್ನ ವಾರ್ಡಿನ ಹಿರಿಯ ಸಿಸ್ಟರ್ ಅಷ್ಟನ್ನೂ ತಂದು ನನ್ನ ಮೇಜಿನ ಮೇಲಿಟ್ಟರು.

"ಇವನ್ನ ಫೈಲಿಗೆ ಹಾಕೋಕಾಗಲ್ಲ ಸರ್."

"ಯಾಕೆ ಸಿಸ್ಟರ್?"

"ಮೇಲ್ಗಡೆ ಏನಿದೆ ಓದಿ."

ಮೇಲ್ಗಡೆ ಸಣ್ಣ ಅಕ್ಷರದಲ್ಲಿ ‘ಉತ್ತರಗಳನ್ನು ರೋಗಿಯ ಮಾತಿನಲ್ಲೇ ಬರೆಯಿರಿ’ ಎಂದಿತ್ತು.

"ಹನ್ನೊಂದು ಜನದಲ್ಲಿ ಒಬ್ಬರನ್ನಾದ್ರೂ ಮಾತಾಡಿಸಿದ್ರಾ?" ಎಂದು ಕೇಳಿದರು.

"ಅವರಿಗೆ ಸುಸ್ತಾಗಿರುತ್ತೆ ಸಿಸ್ಟರ್."

"ನಾನು ದಿನಾ ಮಾತಾಡಿಸ್ತೀನಲ್ಲ ಸರ್. ಅವರಿಗೇನೂ ಸುಸ್ತಾಗಲ್ಲ, ನಮಗೇ ಆಗೋದು."

ಈ ಸಿಸ್ಟರ್ ಎದುರು ನನ್ನ ಆಟ ನಡೆಯುವುದಿಲ್ಲ. ನಾನು ಮೊದಲ ದಿನ ವಾರ್ಡಿಗೆ ಬಂದಾಗ ಸ್ಟೆತಸ್ಕೋಪನ್ನು ಉಲ್ಟಾ ಹಾಕಿಕೊಂಡಿದ್ದನ್ನು ಕಂಡವರು ಅವರು. ಹನ್ನೊಂದನ್ನೂ ಹರಿದು ಹಾಕಿದೆ.

ಮಾರ್ಚ್ 5, ಬುಧವಾರ

ಒಂಬತ್ತನೇ ಹಾಸಿಗೆಯಿಂದ ಶುರು ಮಾಡಿದೆ. ಎಂಬತ್ತನಾಲ್ಕು ವರ್ಷದ ಟೈಲರ್. ಹೃದಯ ಸೋತಿದೆ, ಕಾಲುಗಳಲ್ಲಿ ನೀರು ತುಂಬುತ್ತದೆ, ಮಲಗಿದರೆ ಉಸಿರು ಕಟ್ಟುತ್ತದೆ. ನಾಲ್ಕು ತಿಂಗಳಲ್ಲಿ ಇದು ಮೂರನೇ ಸಲ ಬಂದಿರುವುದು. ಪ್ರತಿ ಸಲವೂ ಮಗಳು ಆಂಬುಲೆನ್ಸ್ ಕರೆಯುತ್ತಾಳೆ, ನಾವು ಐಸಿಯುಗೆ ಹಾಕಿ ನೀರು ಇಳಿಸಿ ಕಳಿಸುತ್ತೇವೆ. ಈಗ ಮೂತ್ರಪಿಂಡಗಳೂ ಕೈಕೊಡುತ್ತಿವೆ.

"ನಿಮ್ಮ ಕಾಯಿಲೆ ಬಗ್ಗೆ ನಿಮಗೇನು ಗೊತ್ತು ಯಜಮಾನ್ರೇ?" ಎಂದು ಫಾರಂ ನೋಡಿಕೊಂಡು ಕೇಳಿದೆ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಮ್ಮ ಕೋಟಿನ ಎಡಗಡೆ ಭುಜ ಇಳಿದಿದೆ ಡಾಕ್ಟ್ರೇ."

"ಕೋಟು ಹಳೇದು."

"ಕೋಟು ಸರಿಯಾಗೇ ಇದೆ. ನೀವು ನಿಲ್ಲೋ ರೀತಿ ಅದು. ಮೂರು ಸಲ ಬಂದೆ, ಮೂರು ಸಲಾನೂ ನೋಡಿದೀನಿ. ಒಂದು ಕಾಲು ಯಾವಾಗ್ಲೂ ಬಾಗಿಲ ಕಡೆಗಿರುತ್ತೆ."

ಬಗ್ಗಿ ನೋಡಿಕೊಂಡೆ. ನನ್ನ ಎಡಗಾಲು ಬಾಗಿಲ ಕಡೆಗೇ ಇತ್ತು. ನಾಳೆ ಬರುತ್ತೇನೆಂದು ಹೇಳಿ ಹೊರಟೆ.

ಮಾರ್ಚ್ 7, ಶುಕ್ರವಾರ

ಟೈಲರ್‌ನ ಮಗಳನ್ನು ಕಾರಿಡಾರಿನಲ್ಲಿ ಕಂಡೆ. ನಲವತ್ತೈದರ ಆಸುಪಾಸು. ಅಂಗಡಿಯನ್ನು ಈಗ ಅವಳೇ ನಡೆಸುವುದು. ಕುತ್ತಿಗೆಗೆ ಅಳತೆಯ ಟೇಪು ಜೋತುಬಿದ್ದಿತ್ತು, ತೆಗೆಯಲು ಮರೆತು ಬಂದಿದ್ದಾಳೆ. "ಈ ಸಲ ಬೇಕಾದ್ರೆ ಉಸಿರಾಟದ ಮಿಷನ್ ಹಾಕಿ ಸರ್. ಡಯಾಲಿಸಿಸ್ ಮಾಡಿ. ಅಪ್ಪ ಗಟ್ಟಿ ಜೀವ, ತಡ್ಕೋತಾರೆ" ಎಂದಳು.

ಒಳಗೆ ಹೋಗಿ ಟೈಲರ್‌ಗೆ ಮಗಳ ಮಾತು ಹೇಳಿದೆ. ಅವರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು ಬಂತು.

"ನನ್ನ ಅಂಗಡೀಗೆ ಗಂಡಂದಿರ ಅಳತೆ ಹೇಳೋಕೆ ಹೆಂಡ್ತೀರು ಬರ್ತಿದ್ರು ಡಾಕ್ಟ್ರೇ. ನಾನು ಬರ್ಕೋತಿರ್ಲಿಲ್ಲ, ಅವರನ್ನೇ ಕಳಿಸಿ ತಾಯಿ ಅಂತಿದ್ದೆ. ಹೆಂಡ್ತಿ ಹೇಳೋ ಅಳತೆ ಮದುವೆ ದಿನದ್ದು. ಹೊಟ್ಟೆ ಬಂದಿರೋದು ಅವಳಿಗೆ ಕಾಣಿಸಿರಲ್ಲ."

"ನಿಮ್ಮ ಮಗಳು ಹೇಳಿದ್ದು ತಪ್ಪಾ ಹಾಗಾದ್ರೆ?"

"ಅವಳು ನಲವತ್ತು ವರ್ಷದ ಹಿಂದಿನ ಅಪ್ಪನ ಅಳತೆ ಕೊಡ್ತಿದಾಳೆ" ಎಂದು ಕಣ್ಣು ಮುಚ್ಚಿಕೊಂಡರು. ಇಷ್ಟು ಮಾತಿಗೇ ಏದುಸಿರು ಬಂದಿತ್ತು. ಇನ್ನೂ ಕೇಳಬಹುದಿತ್ತು, ಆದರೆ ಹನ್ನೆರಡನೇ ಹಾಸಿಗೆ ಕಾಯುತ್ತಿತ್ತು.

ಮಾರ್ಚ್ 8, ಶನಿವಾರ

ಮಂಡಿ ನೋವು ಜಾಸ್ತಿ. ಒಂಬತ್ತನೇ ಹಾಸಿಗೆಯ ಹತ್ತಿರ ಒಂದು ಸ್ಟೂಲು ಹಾಕಿಸಿಕೊಂಡೆ. ರೌಂಡ್ಸಿಗೆ ಒಂದೂವರೆ ಗಂಟೆ ಹಿಡಿಯಿತು, ಎಲ್ಲ ಈ ಮಂಡಿಯ ದೆಸೆಯಿಂದ.

ಟೈಲರ್ ಇವತ್ತು ಕಿಟಕಿಯ ಕಡೆ ನೋಡುತ್ತಿದ್ದರು, ನಾನೂ ನೋಡಿದೆ. ಅಲ್ಲಿ ಎದುರು ಕಟ್ಟಡದ ನೀರಿನ ಟ್ಯಾಂಕು ಬಿಟ್ಟರೆ ಏನೂ ಇಲ್ಲ.

ಮಾರ್ಚ್ 11, ಮಂಗಳವಾರ

ಟೈಲರ್‌ನ ಫಾರಂ ಇವತ್ತು ಮುಕ್ಕಾಲು ತುಂಬಿತು. ಅವರ ಮಾತಿನಲ್ಲೇ ಬರೆದಿದ್ದೇನೆ. ಮೊದಲನೆಯದಕ್ಕೆ, ‘ಬಟ್ಟೆ ಸವೆದಿದೆ, ಇನ್ನು ತೇಪೆ ನಿಲ್ಲೋದಿಲ್ಲ’. ಎರಡನೆಯದಕ್ಕೆ, ‘ಕೆಳಗೆ ಅಂಗಡೀಲಿ ಮಗಳು ಹೊಲಿಗೆ ಮಿಷನ್ ತುಳಿಯೋ ಸದ್ದು ಕೇಳ್ತಾ ಮೇಲೆ ನನ್ನ ರೂಮಲ್ಲಿ ಮಲಗಿರಬೇಕು’. ಮೂರನೆಯದಕ್ಕೆ, ‘ಬಾಯಿಗೆ ಪೈಪ್ ಬೇಡ. ಕೈ ಕಟ್ಟೋದು ಬೇಡ’. ಹೋದ ಸಲ ಐಸಿಯುನಲ್ಲಿ ಅವರ ಕೈ ಕಟ್ಟಿದ್ದೆವು, ಸೂಜಿ ಕಿತ್ತುಕೊಳ್ಳುತ್ತಾರೆಂದು. ಮೆತ್ತಗಿನ ಬಟ್ಟೆಯಲ್ಲೇ ಕಟ್ಟಿದ್ದು. ಅದನ್ನು ಹೇಳಿದೆ.

"ಮೆತ್ತಗೇ ಇತ್ತು. ಗಂಟು ಮಾತ್ರ ಚೆನ್ನಾಗಿ ಹಾಕಿರ್ಲಿಲ್ಲ" ಎಂದರು.

ಆಮೇಲೆ ನಾನು ಕೇಳಬಾರದ್ದನ್ನು ಕೇಳಿದೆ. "ಇಷ್ಟೆಲ್ಲ ಗೊತ್ತಿದ್ದೂ ಹೋದ ಸಲ ನಾವು ಐಸಿಯುಗೆ ಕರ್ಕೊಂಡು ಹೋಗ್ತೀವಿ ಅಂದಾಗ ಹೂಂ ಅಂದ್ರಲ್ಲ ಯಜಮಾನ್ರೇ?"

"ನನಗೋಸ್ಕರ ಅಂದಿದ್ದಲ್ಲ ಡಾಕ್ಟ್ರೇ. ಆಂಬುಲೆನ್ಸಿಗೆ ಫೋನ್ ಮಾಡೋವಾಗ ಅವಳ ಮುಖ ನೀವು ನೋಡಿಲ್ಲ. ಆ ಮುಖ ನೋಡಿ ಬೇಡ ಅನ್ನೋಕೆ ನನ್ನ ಕೈಲಾಗ್ಲಿಲ್ಲ. ಅವಳಿಗೆ ಬೇಕಿತ್ತು, ಹೂಂ ಅಂದೆ."

ಪೆನ್ನಿನ ಮುಚ್ಚಳ ಎಲ್ಲೋ ಬಿತ್ತು. ಹುಡುಕಿದೆ, ಸಿಗಲಿಲ್ಲ. ಸಿಸ್ಟರ್ ಬಂದು "ಸರ್, ನಿಮ್ಮ ಕೈಲೇ ಇದೆ" ಎಂದರು.

ಮಾರ್ಚ್ 12, ಬುಧವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 13, ಗುರುವಾರ

ಅಮ್ಮ ಹೋಗಿ ಇವತ್ತಿಗೆ ಎರಡು ವರ್ಷ. ಅಕ್ಕನಿಗೆ ಫೋನ್ ಮಾಡಬೇಕೆಂದು ಬೆಳಗ್ಗಿನಿಂದ ಅಂದುಕೊಂಡೆ. ಮಾಡಲಿಲ್ಲ.

ಇಲ್ಲಿ ಬರೆಯದೆ ಬಿಟ್ಟಿರುವುದನ್ನು ಇವತ್ತು ಬರೆಯುತ್ತೇನೆ, ಓದುವವರು ಹೇಗೂ ಯಾರೂ ಇಲ್ಲ. ಅಮ್ಮನಿಗೆ ಎಂಬತ್ಮೂರು. ಮೊದಲೇ ಸೋತಿದ್ದ ಶ್ವಾಸಕೋಶಕ್ಕೆ ನ್ಯುಮೋನಿಯಾ ಬಂದಿತ್ತು. ನನ್ನದೇ ಆಸ್ಪತ್ರೆಗೆ ಸೇರಿಸಿದೆ. ಮಾರನೇ ದಿನ ಉಸಿರು ತೀರ ಕೆಟ್ಟಾಗ ಹಾಸಿಗೆಯ ಬುಡದಲ್ಲಿ ನಿಂತು, "ಅಮ್ಮಾ, ಉಸಿರಾಟದ ಮಿಷನ್ ಹಾಕ್ತೀನಿ, ಆಯ್ತಾ?" ಎಂದು ಕೇಳಿದೆ. ಅಮ್ಮ ನನ್ನ ಮುಖ ನೋಡಿ ಹೂಂ ಎಂದಳು. ನಾನು ಏರ್ಪಾಟು ಮಾಡಲು ಓಡಿದೆ. ಬಾಗಿಲಲ್ಲಿ ಅಕ್ಕ ತಡೆದು, "ಬೇಡ ಕಣೋ, ಅಮ್ಮನ್ನ ಮನೆಗೆ ಕರ್ಕೊಂಡು ಹೋಗೋಣ" ಎಂದಳು. "ನಿನಗೇನು ಗೊತ್ತಾಗುತ್ತೆ ಇದೆಲ್ಲ, ಸುಮ್ನಿರು" ಎಂದೆ, ವಾರ್ಡಿನ ಅಷ್ಟೂ ಜನರ ಎದುರಿಗೆ. ನನಗಿಂತ ಏಳು ವರ್ಷ ದೊಡ್ಡವಳು, ನನ್ನನ್ನು ಎತ್ತಿ ಆಡಿಸಿದವಳು.

ಹತ್ತೊಂಬತ್ತು ದಿನ ಅಮ್ಮ ಮಿಷನ್ ಮೇಲಿದ್ದಳು. ಅವಳ ಕೈಗಳನ್ನೂ ಮೆತ್ತಗಿನ ಬಟ್ಟೆಯಲ್ಲೇ ಕಟ್ಟಿದ್ದೆವು. ಇಪ್ಪತ್ತನೇ ದಿನ ಬೆಳಗ್ಗೆ ಹೋದಳು. ಅಲ್ಲಿಂದೀಚೆಗೆ ಅಕ್ಕ ನನ್ನ ಜೊತೆ ಮಾತಾಡಿಲ್ಲ, ನಾನೂ ಮಾತಾಡಿಲ್ಲ. ಸೇತುವೆ ದಾಟಿದರೆ ಅವಳ ಮನೆ, ಬಸ್ಸಿನಲ್ಲಿ ಇಪ್ಪತ್ತು ನಿಮಿಷ. ಅಮ್ಮನೇ ಹೂಂ ಎಂದಿದ್ದಳಲ್ಲ ಎಂದು ಎರಡು ವರ್ಷ ನನಗೆ ನಾನೇ ಹೇಳಿಕೊಂಡು ನಿದ್ದೆ ಮಾಡಿದ್ದೇನೆ. ಮೊನ್ನೆ ಆ ಟೈಲರ್ ಅದನ್ನೂ ಕಿತ್ತುಕೊಂಡ.

ನನಗೆ ಅವನ ಮೇಲೆ ಸಿಟ್ಟು ಬಂದಿದೆ. ನಾಳೆ ಬೇರೆ ಡಾಕ್ಟರಿಗೆ ಒಪ್ಪಿಸಿಬಿಡುತ್ತೇನೆ.

ಮಾರ್ಚ್ 15, ಶನಿವಾರ

ಒಪ್ಪಿಸಲಿಲ್ಲ. ಒಪ್ಪಿಸಿದರೆ ಸಿಸ್ಟರ್ ಕಾರಣ ಕೇಳುತ್ತಿದ್ದರು.

ಮಗಳನ್ನು ಕಾರಿಡಾರಿನಲ್ಲಿ ಮಾತಾಡಿಸದೆ ನೇರ ಹಾಸಿಗೆಯ ಹತ್ತಿರ ಕರೆದು ಕೂರಿಸಿದೆ. ನಾನು ಸ್ಟೂಲಿನ ಮೇಲೆ ಕೂತೆ. ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಹೃದಯ ಇನ್ನು ಸುಧಾರಿಸುವುದಿಲ್ಲ, ಮಿಷನ್ ಹಾಕಿದರೆ ದಿನಗಳು ಹೆಚ್ಚಬಹುದು, ಆದರೆ ಅಪ್ಪ ಮತ್ತೆ ಮನೆಗೆ ಬರುವುದು ಬಹುಶಃ ಆಗುವುದಿಲ್ಲ. ಆಮೇಲೆ ಫಾರಂ ಅನ್ನು ಟೈಲರ್‌ನ ಕೈಗೆ ಕೊಟ್ಟು, ನೀವೇ ಹೇಳಿ ಎಂದೆ.

"ನನಗೆ ಸಾಕಾಗಿದೆ ಮಗು" ಎಂದರು.

"ನನ್ನ ಜೊತೆ ಇರೋದು ಸಾಕಾಯ್ತಾ ಅಪ್ಪ?"

"ನಿನ್ನ ಜೊತೆ ಇರೋಕೇ ಮನೆಗೆ ಹೋಗೋಣ ಅಂತಿರೋದು."

ಅವಳು ನನ್ನ ಕಡೆ ತಿರುಗಿದಳು. "ನೀವೇ ನಮ್ಮಪ್ಪನ ತಲೆ ಕೆಡಿಸಿರೋದು. ಹೇಳಿಬಿಡೋದು ಸುಲಭ. ಮನೇಲಿ ಉಸಿರಿಗೆ ಒದ್ದಾಡಿದ್ರೆ ನಾನೊಬ್ಬಳೇ ಏನು ಮಾಡ್ಲಿ? ಬಾಗಿಲು ಹಾಕ್ಕೊಂಡು ನೋಡ್ತಾ ಕೂರ್ಲಾ?"

"ಒದ್ದಾಟ ಕಡಿಮೆ ಮಾಡೋಕೆ ಔಷಧಿ ಇದೆ, ಹೇಗೆ ಕೊಡೋದು ಅಂತ ಕಲಿಸ್ತೀನಿ. ಆಂಬುಲೆನ್ಸಿಗೆ ಮಾಡೋ ಬದಲು ನನಗೆ ಫೋನ್ ಮಾಡಿ."

"ಫೋನ್ ಮಾಡಿದ್ರೆ ಬರ್ತೀರಾ?"

"ಬರ್ತೀನಿ."

ಮೂವತ್ತೊಂದು ವರ್ಷದಲ್ಲಿ ಯಾರಿಗೂ ಈ ಮಾತು ಕೊಟ್ಟವನಲ್ಲ. ನಮ್ಮ ಆಸ್ಪತ್ರೆಯಲ್ಲಿ ಮನೆಗೆ ಹೋಗಿ ನೋಡುವ ಪದ್ಧತಿಯೇ ಇಲ್ಲ. ಬಾಯಿ ತಪ್ಪಿ ಬಂತು ಎನ್ನಬೇಕು. ಅವಳು ಬಹಳ ಹೊತ್ತು ಅತ್ತಳು. ಟೈಲರ್ ಅವಳ ಕುತ್ತಿಗೆಯ ಟೇಪನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಹೊರಡುವಾಗ ಅವಳೇ ನಾಲ್ಕನೇ ಪ್ರಶ್ನೆಯನ್ನು ತೋರಿಸಿ, "ಇಲ್ಲಿ ನನ್ನ ಹೆಸರು ಬರೀರಿ. ಅಪ್ಪ ಹೇಳಿದ್ದನ್ನೇ ಹೇಳ್ತೀನಿ, ನನ್ನದು ಸೇರಿಸಲ್ಲ" ಎಂದಳು.

ಮಾರ್ಚ್ 17, ಸೋಮವಾರ

ಟೈಲರ್ ಮನೆಗೆ ಹೋದರು. ಹದಿಮೂರು ಮಾತ್ರೆಗಳಲ್ಲಿ ಒಂಬತ್ತನ್ನು ನಿಲ್ಲಿಸಿದೆ. ಹತ್ತು ವರ್ಷದ ಮುಂದಿನ ತೊಂದರೆ ತಪ್ಪಿಸುವ ಮಾತ್ರೆಗಳು ಅವು, ಈಗ ಯಾರಿಗೆ ಬೇಕು. ನೀರಿಳಿಸುವ ಮಾತ್ರೆ ಉಳಿಸಿದೆ. ಉಸಿರಿನ ಸಂಕಟಕ್ಕೆ ಮಾರ್ಫಿನ್ ಸಿರಪ್, ಅಳೆದು ಕೊಡುವ ಸಿರಿಂಜು. ಮಗಳಿಗೆ ಎಲ್ಲ ತೋರಿಸಿಕೊಟ್ಟೆ. ತಲೆಯ ಕಡೆ ಎತ್ತರ ಮಾಡಬೇಕು, ಫ್ಯಾನಿನ ಗಾಳಿ ಮುಖಕ್ಕೆ ಬೀಳಬೇಕು, ತಿನ್ನಲು ಒತ್ತಾಯ ಮಾಡಬಾರದು, ಬಾಯಿ ಒಣಗಿದರೆ ಒದ್ದೆ ಬಟ್ಟೆಯಲ್ಲಿ ತುಟಿ ಒರೆಸಬೇಕು. ಅವಳು ಎಲ್ಲವನ್ನೂ ಅಂಗಡಿಯ ಬಿಲ್ ಪುಸ್ತಕದ ಹಿಂಬದಿಯಲ್ಲಿ ಬರೆದುಕೊಂಡಳು. ಸಿರಿಂಜಿನ ಗೆರೆಗಳನ್ನು ಮಾತ್ರ ಬರೆದುಕೊಳ್ಳಲಿಲ್ಲ. ಒಮ್ಮೆ ನೋಡಿದಳು, ಸಾಕು ಎಂದಳು.

ಒಂಬತ್ತನೇ ಹಾಸಿಗೆಗೆ ಬೇರೆಯವರು ಬಂದಿದ್ದಾರೆ. ಸ್ಟೂಲನ್ನು ಅಲ್ಲಿಂದ ತೆಗೆಸಲಿಲ್ಲ. ಸಿಸ್ಟರ್ ಇನ್ನೂ ಮೂರು ಸ್ಟೂಲು ಎಲ್ಲಿಂದಲೋ ಹೊಂದಿಸಿ ತಂದು ವಾರ್ಡಿನ ಉದ್ದಕ್ಕೂ ಇಟ್ಟಿದ್ದಾರೆ. ಓಡಾಡುವಾಗ ಕಾಲಿಗೆ ತಗಲುತ್ತವೆ, ಹೇಳಿದರೆ ಕೇಳುವವರಲ್ಲ.

ಮಾರ್ಚ್ 21, ಶುಕ್ರವಾರ

ನಾಲ್ಕು ದಿನದಿಂದ ಡ್ಯೂಟಿ ಮುಗಿಸಿ ಟೈಲರ್ ಮನೆಗೆ ಹೋಗಿ ಬರುತ್ತಿದ್ದೇನೆ. ಆಸ್ಪತ್ರೆಯಿಂದ ಎರಡು ಬೀದಿ ಆಚೆ, ನನ್ನ ಮನೆಯ ದಾರಿಯಲ್ಲೇ ಅನ್ನಬಹುದು. ಸ್ವಲ್ಪ ಸುತ್ತು.

ಇವತ್ತು ಅಲ್ಲಿ ಒಂದು ಎಡವಟ್ಟಾಯಿತು. ಮಗಳು ಕೆಳಗೆ ಹೊಲಿಯಲು ಕೂತರೆ ಮೇಲೆ ಅಪ್ಪ ಹೇಗಿದ್ದಾರೋ ಎಂದು ಮೂರು ನಿಮಿಷಕ್ಕೊಮ್ಮೆ ಎದ್ದು ಬರುತ್ತಾಳೆ. ಅಪ್ಪನಿಗೆ ಅರ್ಧಂಬರ್ಧ ಸದ್ದು ಕೇಳಿ ಕಿರಿಕಿರಿ. "ಎರಡು ಗೇಣು ಹೊಲೀತಾಳೆ, ನಿಲ್ಲಿಸ್ತಾಳೆ. ಗುಂಡಿಗೆ ಕಾಜಾ ಹೊಲಿಯೋರು ಕೂಡ ಇಷ್ಟು ನಿಲ್ಲಲ್ಲ" ಎಂದು ದೂರಿದರು. ಹಾಗಿದ್ದರೆ ಮಿಷನ್ನೇ ಮೇಲೆ ತರೋಣ ಎಂದು ಯಾರೋ ಹೇಳಿದರು. ನಾನೇ ಇರಬೇಕು. ಕಬ್ಬಿಣದ ಕಾಲಿನ ಹಳೇ ಹೊಲಿಗೆ ಮಿಷನ್ನು. ನಾನೂ ಆ ಹೆಣ್ಣುಮಗಳೂ ಹದಿನೇಳು ಮೆಟ್ಟಿಲು ಹತ್ತಿಸುವಷ್ಟರಲ್ಲಿ ನನ್ನ ಸೊಂಟ ನನ್ನದಾಗಿ ಉಳಿದಿರಲಿಲ್ಲ. ಟೈಲರ್ ಮಲಗಿದಲ್ಲಿಂದಲೇ "ಎಡಕ್ಕೆ, ಡಾಕ್ಟ್ರೇ, ನಿಮ್ಮ ಎಡಕ್ಕೆ" ಎಂದು ಯಜಮಾನಿಕೆ ಮಾಡಿದರು.

ಆಮೇಲೆ ನನ್ನ ಕೋಟನ್ನು ಬಿಚ್ಚಿಸಿ ಮಗಳ ಕೈಗೆ ಕೊಟ್ಟು, ಎಡ ಭುಜದ ಹೊಲಿಗೆ ಬಿಚ್ಚಿ ಎತ್ತು ಎಂದರು. ಮತ್ತೆ ನನ್ನನ್ನು ನೋಡಿ, "ತಡಿ ಮಗು, ಬೇಡ ಬಿಡು. ಈಗ ಸರಿಯಾಗಿ ನಿಂತಿದಾರೆ" ಎಂದರು. ಮುದುಕರಿಗೆ ಗಳಿಗೆಗೊಂದು ಬುದ್ಧಿ.

ಮನೆಗೆ ಬಂದಾಗ ಬೀಗ ತೆಗೆಯಲು ಮನಸ್ಸಾಗದೆ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತಿದ್ದೆ. ಒಳಗೆ ಸದ್ದೇ ಇರುವುದಿಲ್ಲ.

ಮಾರ್ಚ್ 26, ಬುಧವಾರ

ಮಧ್ಯಾಹ್ನ ಎರಡೂವರೆಗೆ ಮಗಳ ಫೋನು. "ಉಸಿರು ಬೇರೆ ಥರ ಆಗಿದೆ ಸರ್. ನಡುವೆ ನಡುವೆ ನಿಲ್ಲುತ್ತೆ. ಔಷಧಿ ಕೊಟ್ಟೆ. ಆಂಬುಲೆನ್ಸ್ ನಂಬರ್ ಒತ್ತಿ ಕಟ್ ಮಾಡಿದೆ. ನೀವು ಬರ್ತೀರಾ?" ಹೊರರೋಗಿಗಳು ಇನ್ನೂ ಒಂಬತ್ತು ಜನ ಇದ್ದರು. ಸಿಸ್ಟರ್ ನನ್ನ ಮುಖ ನೋಡಿ ಪಕ್ಕದ ಕೋಣೆಯ ಡಾಕ್ಟರನ್ನು ಕರೆಯಲು ಹೋದರು. ನಾನು ನಡೆಯುತ್ತ ಹೊರಟವನು ಕೊನೆಗೆ ಓಡಿದೆ.

ಮೇಲಿನ ಕೋಣೆಯಲ್ಲಿ ಬಿಸಿಲು ಬಿದ್ದಿತ್ತು. ಟೈಲರ್ ದಿಂಬುಗಳಿಗೆ ಒರಗಿದ್ದರು. ಹಣೆಯಲ್ಲಿ ಗಂಟಿರಲಿಲ್ಲ, ಒದ್ದಾಟ ಇರಲಿಲ್ಲ. ನಾಡಿ ನೋಡಿದೆ, ಮತ್ತೆ ಕೈ ಬಿಡದೆ ಹಾಗೇ ಹಿಡಿದುಕೊಂಡು ಕೂತೆ. ಮಗಳು ಬಾಗಿಲಲ್ಲೇ ನಿಂತಿದ್ದಳು.

"ಏನು ಮಾಡ್ಬೇಕು ಈಗ?" ಎಂದಳು.

"ಮಾಡೋಕೆ ಏನೂ ಉಳಿದಿಲ್ಲಮ್ಮ. ಎಲ್ಲ ಸರಿಯಾಗಿ ಮಾಡಿದೀರ. ಕಿವಿ ಕೇಳಿಸ್ತಿರಬಹುದು. ಮಾತಾಡಿ."

ಅವಳು ಅಪ್ಪನ ಕಿವಿಯ ಹತ್ತಿರ ಬಾಗಿ ಏನೋ ಹೇಳಿದಳು, ನಾನು ಕೇಳಿಸಿಕೊಳ್ಳಲಿಲ್ಲ. ಆಮೇಲೆ ಮಿಷನ್ ಮುಂದೆ ಕೂತಳು. ಯಾರದೋ ಅರ್ಧ ಮುಗಿದ ಪ್ಯಾಂಟು ಅದರ ಮೇಲಿತ್ತು. ತುಳಿಯತೊಡಗಿದಳು. ಸದ್ದು ಒಂದೇ ಸಮನೆ ಬರುತ್ತಿತ್ತು, ಎರಡು ಗೇಣಿಗೆ ನಿಲ್ಲಲಿಲ್ಲ.

ಟೈಲರ್‌ನ ಉಸಿರು ನಿಂತಿತು. ಕಾದೆ, ಮತ್ತೆ ಬರಲಿಲ್ಲ. ಸ್ಟೆತಸ್ಕೋಪ್ ಇಟ್ಟು ನೋಡಿದೆ. ಅವಳು ನಮ್ಮ ಕಡೆಗೆ ಬೆನ್ನು ಹಾಕಿ ಪ್ಯಾಂಟಿನ ಕಾಲಿನ ಉದ್ದದ ಹೊಲಿಗೆ ಹಾಕುತ್ತಿದ್ದಳು. ಇನ್ನೂ ಮೊಣಕಾಲಿನವರೆಗೂ ಬಂದಿರಲಿಲ್ಲ. ಹೊಲಿಗೆ ಕಾಲಿನ ಕೆಳತುದಿ ಮುಟ್ಟಿ, ಅವಳು ದಾರ ಕತ್ತರಿಸಿ, ಕತ್ತರಿ ಕೆಳಗಿಟ್ಟ ಮೇಲೆ ಹೇಳಿದೆ.

"ಗೊತ್ತಾಯ್ತು. ಹೊಲಿಗೆ ಮುಗಿಸು ಅಂತಿದ್ರು ಯಾವಾಗ್ಲೂ, ಮುಗಿಸಿದೆ" ಎಂದಳು.

ಸರ್ಟಿಫಿಕೇಟಿನಲ್ಲಿ ಮೂರು ಗಂಟೆ ಹದಿನೆಂಟು ನಿಮಿಷ ಎಂದು ಬರೆದೆ. ನಿಜಕ್ಕೂ ಅದು ಏಳು ನಿಮಿಷ ಮೊದಲೇ ಆಗಿತ್ತು. ಇಷ್ಟು ವರ್ಷದಲ್ಲಿ ನಾನು ಬರೆದ ಮೊದಲ ತಪ್ಪು ಸಮಯ ಇದು. ತಿದ್ದುವುದಿಲ್ಲ.

ಮಾರ್ಚ್ 27, ಗುರುವಾರ

ಡ್ಯೂಟಿ ಮುಗಿದ ಮೇಲೆ ಅಭ್ಯಾಸಬಲದಿಂದ ಅದೇ ಬೀದಿಗೆ ಹೋದೆ. ಅಂಗಡಿ ಮುಚ್ಚಿತ್ತು. ವಾಪಸು ಬಂದೆ.

ಮಾರ್ಚ್ 30, ಭಾನುವಾರ

ಅಕ್ಕನ ಮನೆಗೆ ಹೋಗಿದ್ದೆ. ಫೋನ್ ಮಾಡಿದ್ದರೆ ಬೇಡ ಎನ್ನಬಹುದೆಂದು ಹೇಳದೆಯೇ ಹೋದೆ. ಬಾಗಿಲು ತೆಗೆದಳು. ಕೂದಲೆಲ್ಲ ಬೆಳ್ಳಗಾಗಿದೆ. ಎರಡು ವರ್ಷ ಎಂದರೆ ಕಡಿಮೆ ಏನಲ್ಲ.

"ಯಾರಿಗೆ ಏನಾಯ್ತು?" ಎಂದಳು. ನನ್ನನ್ನು ಕಂಡರೆ ಜನಕ್ಕೆ ಬರುವ ಮೊದಲ ಯೋಚನೆ ಅದು.

"ಯಾರಿಗೂ ಏನೂ ಆಗಿಲ್ಲ. ಅಮ್ಮನ ವಿಷಯ ಒಂದು ಕೇಳ್ಬೇಕಿತ್ತು."

ಬಹಳ ಹೊತ್ತು ಬಾಗಿಲಲ್ಲೇ ನಿಲ್ಲಿಸಿದಳು. ಆಮೇಲೆ ಪಕ್ಕಕ್ಕೆ ಸರಿದಳು. ಕುರ್ಚಿ ತೋರಿಸಲಿಲ್ಲ, ನಾನೇ ಹೋಗಿ ಕೂತೆ.

"ಅವತ್ತು ಅಮ್ಮ ಹೂಂ ಅಂದ್ಮೇಲೆ ನಾನು ಹೊರಗೆ ಹೋದೆನಲ್ಲ ಅಕ್ಕ. ಆಮೇಲೆ ನಿನ್ನ ಹತ್ರ ಏನಾದ್ರೂ ಅಂದ್ಳಾ?"

"ಇದನ್ನ ಕೇಳೋಕೆ ಎರಡು ವರ್ಷ ಬೇಕಾಯ್ತಾ ನಿನಗೆ?"

"ಬೇಕಾಯ್ತು."

ಅಕ್ಕ ಕೂತಳು. ಮೇಜಿನ ಮೇಲಿನ ಬಟ್ಟೆಯ ಅಂಚನ್ನು ಸರಿ ಮಾಡಿದಳು, ಮತ್ತೆ ಕೆಡಿಸಿದಳು. "ಅಮ್ಮನಿಗೆ ಮನೆಗೆ ಹೋಗ್ಬೇಕಿತ್ತು. ಹಾಗಾದ್ರೆ ಅವನಿಗೆ ಯಾಕೆ ಹೂಂ ಅಂದೆ ಅಂತ ಕೇಳ್ದೆ. ‘ಸಣ್ಣೋನ ಮುಖ ನೋಡಿದ್ಯಾ? ಮಾಡ್ಲಿ ಬಿಡು. ಅವನಿಗೆ ಬೇರೆ ಥರ ಅಳೋಕೆ ಬರಲ್ಲ’ ಅಂದ್ಳು."

ಸಣ್ಣೋನು ಎಂದು ನನ್ನನ್ನು ಕರೆಯುತ್ತಿದ್ದವರು ಅವರಿಬ್ಬರೇ. ನಾನು ಅಕ್ಕನ ಎದುರು ಕೂತು ಅತ್ತೆ. ಅವಳು ಸಮಾಧಾನ ಮಾಡಲಿಲ್ಲ. ಎದ್ದೂ ಹೋಗಲಿಲ್ಲ. "ನಿನಗೆ ಗೊತ್ತಾಗುತ್ತೆ ಅಂತ ನಾನು ಅವತ್ತೇ ಒಪ್ಪಬೇಕಿತ್ತು" ಎಂದೆ. "ಹೌದು, ಒಪ್ಪಬೇಕಿತ್ತು" ಎಂದಳು.

ಬರುವಾಗ ಬಸ್ಸಿನಲ್ಲಿ ಪಕ್ಕದವರು ನನಗೆ ಕಿಟಕಿಯ ಸೀಟು ಬಿಟ್ಟುಕೊಟ್ಟರು. ಮುಖ ಹಾಗಿತ್ತೇನೋ.

ಏಪ್ರಿಲ್ 5, ಶನಿವಾರ

ನಾಳೆ ಅಕ್ಕ ಬರುತ್ತೇನೆಂದಿದ್ದಾಳೆ, ಅಮ್ಮನ ಕೋಣೆ ನೋಡಲು. ಊಟದ ಮೇಜಿನ ಎರಡು ಕುರ್ಚಿ ಖಾಲಿ ಮಾಡಿದೆ. ಹಳೆಯ ಪತ್ರಿಕೆಗಳಿಗೆ ಬೇರೆ ಜಾಗ ಬೇಕಾಗಿತ್ತು ಹೇಗೂ.

ಏಪ್ರಿಲ್ 6, ಭಾನುವಾರ

ಹತ್ತು ಗಂಟೆಗೆ ಬಂದಳು. ಅಮ್ಮನ ಕೋಣೆಯ ಕಿಟಕಿ ತೆಗೆದಳು. ಮನೆಯ ಸ್ಥಿತಿ ನೋಡಿ ನನ್ನ ಮಾನ ಕಳೆದಳು. ಚಹಾ ಮಾಡಿಕೊಟ್ಟೆ, ಸಕ್ಕರೆ ಜಾಸ್ತಿ ಎಂದು ಬೈದು ಪೂರ್ತಿ ಕುಡಿದಳು.

ಮೇಜಿನ ಮೇಲೆ ನಾನು ಅವತ್ತು ತುಂಬಲು ಹೋಗಿ ಬಿಟ್ಟಿದ್ದ ಹಸಿರು ಫಾರಂ ಬಿದ್ದಿತ್ತು. ಕನ್ನಡಕ ಹಾಕಿಕೊಂಡು ಓದಿದಳು.

"ನಾಲ್ಕನೇದು ಯಾಕೆ ಖಾಲಿ ಬಿಟ್ಟಿದೀಯ?"

"ಯಾರ ಹೆಸರು ಬರೀಲಿ ಅಕ್ಕ?"

"ನಾನೇನು ಸತ್ತುಹೋಗಿದೀನಾ?"

ಅವಳ ಎದುರಿಗೇ ‘ಅಕ್ಕ’ ಎಂದು ಬರೆದೆ. "ನಿನಗಿಂತ ಏಳು ವರ್ಷ ದೊಡ್ಡೋಳು ಕಣೋ ನಾನು, ನಾನೇ ಮೊದ್ಲು ಹೋಗೋದು" ಎಂದು ನಕ್ಕಳು. ನಗು ನಿಂತ ಮೇಲೆ, "ನನಗೂ ಒಂದು ಫಾರಂ ಕೊಡು" ಎಂದಳು.

ಪೆನ್ನು ತೆಗೆದುಕೊಂಡು ಎದುರು ಕೂತೆ. ಮೊದಲನೇ ಪ್ರಶ್ನೆಗೇ ಅವಳು ತನ್ನ ಮಂಡಿಯಿಂದ ಹೊರಟು, ಕೆಲಸ ಮಾಡುತ್ತಿದ್ದ ಲೈಬ್ರರಿಗೆ ಹೋಗಿ, ಭಾವ ತೀರಿಕೊಂಡ ವರ್ಷಕ್ಕೆ ಹೋಗಿ, ಅಮ್ಮನ ಹತ್ತೊಂಬತ್ತು ದಿನಕ್ಕೆ ಬಂದಳು. ಆ ಹತ್ತೊಂಬತ್ತು ದಿನಗಳಲ್ಲಿ ತಾನು ದಿನವೂ ಅಮ್ಮನ ಕೈಯ ಗಂಟುಗಳನ್ನು ಹತ್ತು ನಿಮಿಷ ಬಿಚ್ಚಿ ಹಿಡಿದುಕೊಂಡಿರುತ್ತಿದ್ದೆ, ಸಿಸ್ಟರ್ ನೋಡಿಯೂ ನೋಡದ ಹಾಗೆ ಹೋಗುತ್ತಿದ್ದರು ಎಂದಳು. ನನಗೆ ಗೊತ್ತಿರಲಿಲ್ಲ. ಎಷ್ಟೋ ಮಾತು ನನ್ನನ್ನು ಚುಚ್ಚಿತು. ನಡುವೆ ಬಾಯಿ ಹಾಕಲಿಲ್ಲ, ಅವಳ ಮಾತಿನಲ್ಲೇ ಬರೆದುಕೊಂಡೆ. ಜಾಗ ಸಾಲದೆ ಹಿಂಬದಿಗೂ ಬರೆದೆ.

ಒಂದು ಫಾರಂಗೆ ಮೂರು ಗಂಟೆ ಹಿಡಿಯಿತು.

ನಾಲ್ಕನೇ ಪ್ರಶ್ನೆ ಬಂದಾಗ ಕೇಳಲು ನನಗೆ ಧೈರ್ಯ ಸಾಲಲಿಲ್ಲ. ಸುಮ್ಮನೆ ಫಾರಂ ಅನ್ನು ಅವಳ ಕಡೆ ತಿರುಗಿಸಿ ಪೆನ್ನು ಕೊಟ್ಟೆ. ಅವಳು ಪೆನ್ನನ್ನು ಪಕ್ಕಕ್ಕಿಟ್ಟು ತನ್ನ ಕೈಚೀಲದಲ್ಲಿ ಹುಡುಕಾಡಿ ಒಂದು ಮೋಟು ಪೆನ್ಸಿಲ್ ತೆಗೆದಳು. ‘ಸಣ್ಣೋನು’ ಎಂದು ಬರೆದಳು.

"ಇದು ಆಸ್ಪತ್ರೆ ದಾಖಲೆ ಅಕ್ಕ. ಪೂರ್ತಿ ಹೆಸರು ಬೇಕು, ಇಂಕಲ್ಲಿ ಬೇಕು."

"ಗೊತ್ತು" ಎಂದಳು. "ಮುಂದಿನ ಭಾನುವಾರ ಬಾ, ಇನ್ನೂ ಹೇಳೋದಿದೆ. ಎಲ್ಲ ಕೇಳಿಸ್ಕೊಂಡಮೇಲೆ ಇಂಕಲ್ಲಿ ಬರೀತೀನಿ."